ಲಾ ಓದಬೇಕು ಅಂತಿದ್ದೀರಾ? ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಕೀಲ ಅಂತ ಗೊತ್ತಾದ ಕೂಡಲೇ ಜನ ಎರಡು ವಿಷಯ ಕೇಳುತ್ತಾರೆ. ಒಂದು, ಸೈಟಿನ ತಕರಾರು. ಇನ್ನೊಂದು, ಮಕ್ಕಳನ್ನು ಲಾ ಓದಿಸುವುದು ಹೇಗೆ ಅನ್ನೋದು. ಮೊದಲನೆಯದಕ್ಕೆ ಆಫೀಸಿಗೆ ಬನ್ನಿ ಅನ್ನುತ್ತೇನೆ. ಎರಡನೆಯದಕ್ಕೆ ಮದುವೆ ಮನೆಯ ಪಂಕ್ತಿಯಲ್ಲಿ, ಮೆಟ್ರೋದಲ್ಲಿ, ಕೋರ್ಟ್ ಕ್ಯಾಂಟೀನಿನಲ್ಲಿ ನಿಂತಲ್ಲೇ ಉತ್ತರ ಹೇಳುತ್ತಾ ಬಂದಿದ್ದೇನೆ. ಅದೇ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮಗನಿಗೆ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಈಗ ಕ್ಲಾಟ್‌ಗೆ ಅರ್ಜಿ ಹಾಕಬಹುದಾ?

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಆ ಹೊತ್ತಿಗೆ ಪರೀಕ್ಷೆ ಮುಗಿದು ತಿಂಗಳುಗಳೇ ಆಗಿರುತ್ತವೆ. ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಅದು ನಡೆಯುವುದು ಡಿಸೆಂಬರ್ ಮೊದಲ ವಾರದಲ್ಲಿ. 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ಮೂರೂ ಭಾನುವಾರವೇ. ಹುಡುಗ ಸೆಕೆಂಡ್ ಪಿಯುಸಿಯಲ್ಲಿ ಇರುವಾಗಲೇ, ಬೋರ್ಡ್ ಪರೀಕ್ಷೆಗೂ ಮೊದಲೇ ಇದನ್ನು ಬರೆಯಬೇಕು. ಅರ್ಜಿ ಮಳೆಗಾಲದಲ್ಲಿ ಶುರುವಾಗಿ ದಸರಾ, ದೀಪಾವಳಿ ಹೊತ್ತಿಗೆ ಮುಗಿಯುತ್ತದೆ.

ಸಿಇಟಿ, ನೀಟ್ ನೋಡಿ ಅಭ್ಯಾಸವಾದ ಮನೆಗಳಲ್ಲಿ ಇದೂ ಏಪ್ರಿಲ್, ಮೇ ತಿಂಗಳ ಗಲಾಟೆಯೇ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲೇ ಎಡವುವುದು. ಹಾಗಂತ ಅಳುತ್ತಾ ಕೂರಬೇಡಿ. ಕ್ಲಾಟ್ ಇಲ್ಲದೆ ಸೇರುವ ಕಾಲೇಜುಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹಳಷ್ಟು ರಿಸಲ್ಟ್ ಬಂದ ಮೇಲೆಯೇ ಅರ್ಜಿ ಕೊಡುತ್ತವೆ.

ಐದು ವರ್ಷದ ಕೋರ್ಸಾ, ಮೂರು ವರ್ಷದ್ದಾ?

ಪಿಯುಸಿ ಆದ ಮೇಲೆ ನೇರ ಸೇರಿದರೆ 5 ವರ್ಷ. ಬಿಎ, ಬಿಕಾಂ, ಬಿಬಿಎ ಯಾವುದರ ಜೊತೆಗಾದರೂ ಎಲ್‌ಎಲ್‌ಬಿ ಸೇರಿಕೊಂಡಿರುತ್ತದೆ. ಡಿಗ್ರಿ ಮುಗಿಸಿ ಸೇರಿದರೆ 3 ವರ್ಷ. ಕೊನೆಗೆ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಸಿಗುವುದು ಇಬ್ಬರಿಗೂ ಒಂದೇ. ಕೋರ್ಟಿನಲ್ಲಿ ನ್ಯಾಯಾಧೀಶರು ನೀವು ಯಾವ ಕೋರ್ಸ್ ಮಾಡಿದಿರಿ ಅಂತ ಕೇಳುವುದಿಲ್ಲ.

ಹದಿನೇಳನೇ ವಯಸ್ಸಿಗೇ ಲಾ ಬೇಕು ಅನ್ನುವುದು ಗಟ್ಟಿಯಿದ್ದರೆ ಐದು ವರ್ಷದ್ದು ಸೇರಿ, ಒಂದು ವರ್ಷ ಉಳಿಯುತ್ತದೆ. ಮನಸ್ಸು ಓಲಾಡುತ್ತಿದ್ದರೆ ಮೊದಲು ಇಷ್ಟದ ಡಿಗ್ರಿ ಮಾಡಿ. ಅಕೌಂಟ್ಸ್ ಓದಿ ಬಂದವರಿಗೆ ತೆರಿಗೆ ಕೇಸು, ಇಂಜಿನಿಯರಿಂಗ್ ಓದಿ ಬಂದವರಿಗೆ ಪೇಟೆಂಟ್ ಕೆಲಸ ಸಲೀಸು. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಿದ್ದರೂ ನಡೆಯುತ್ತದೆ.

ಬೆಂಗಳೂರಿನಲ್ಲಿ ಎಲ್ಲೆಲ್ಲಿ ಓದಬಹುದು?

ಮೊದಲನೆಯದು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ. ನಮ್ಮ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಮೊದಲ ನಿರ್ದೇಶಕರು ಎನ್.ಆರ್. ಮಾಧವ ಮೆನನ್. ಮೊದಲ ಬ್ಯಾಚು 1988ರಲ್ಲಿ. ಐದು ವರ್ಷದ ಕೋರ್ಸುಗಳು ದೇಶದಲ್ಲಿ ಇಷ್ಟು ಹಬ್ಬಿದ್ದು ಆಮೇಲೆಯೇ. ಇಲ್ಲಿಯ ಐದು ವರ್ಷದ ಕೋರ್ಸಿಗೆ ಕ್ಲಾಟ್ ಬೇಕೇ ಬೇಕು.

ಎರಡನೆಯದು ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು. ವಿವಿ ಶುರುವಾಗಿದ್ದು 2009ರಲ್ಲಿ. ಬಸವನಗುಡಿಯ ಬಿಎಂಎಸ್, ರಾಜಾಜಿನಗರದ ಕೆಎಲ್‌ಇ, ರೇಣುಕಾಚಾರ್ಯ, ಶೇಷಾದ್ರಿಪುರಂ ಹೀಗೆ ಊರ ತುಂಬಾ ಇವೆ. ಇಲ್ಲಿ ಅಂಕದ ಮೇಲೆ ಸೀಟು. ಸಾಮಾನ್ಯ ವರ್ಗಕ್ಕೆ 45 ಶೇಕಡಾ, ಪರಿಶಿಷ್ಟರಿಗೆ 40 ಶೇಕಡಾ ಇರಬೇಕು. ಮೂರನೆಯದು ಬೆಂಗಳೂರು ವಿವಿಯದೇ ಕಾನೂನು ಕಾಲೇಜು, ಜ್ಞಾನಭಾರತಿಯಲ್ಲಿ. ನಾಲ್ಕನೆಯದು ಖಾಸಗಿ ವಿವಿಗಳು. ಅವುಗಳ ಪರೀಕ್ಷೆ, ಶುಲ್ಕ, ನಿಯಮ ಎಲ್ಲ ಅವರವರದೇ.

ಎಲ್ಲಿ ಸೇರಿದರೂ ಒಂದು ಮಾತು. ವಕೀಲರಿಗೆ, ಲಾ ಕಾಲೇಜುಗಳಿಗೆ ನಿಯಮ ಮಾಡುವ ಸಂಸ್ಥೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ. ಆ ವರ್ಷಕ್ಕೆ ಅದರ ಅನುಮತಿ ಇದೆಯಾ ಅಂತ ನೋಡಿ ದುಡ್ಡು ಕಟ್ಟಿ. ಅನುಮತಿ ಇಲ್ಲದ ಕಡೆ ಓದಿದರೆ ಸನ್ನದು ಸಿಗುವುದಿಲ್ಲ.

ಕ್ಲಾಟ್ ಪೇಪರು ಹೇಗಿರುತ್ತದೆ? ಸೆಕ್ಷನ್ ಎಲ್ಲ ಬಾಯಿಪಾಠ ಮಾಡಬೇಕಾ?

ಸೆಕ್ಷನ್ ಒಂದೂ ಬೇಡ. 2 ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ 0.25 ಅಂಕ ಕಟ್. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಲೀಗಲ್ ರೀಸನಿಂಗ್, ತರ್ಕ, ಸ್ವಲ್ಪ ಲೆಕ್ಕ. ಲೆಕ್ಕ ಹತ್ತನೇ ಕ್ಲಾಸಿನ ಮಟ್ಟದ್ದು, 10ರಿಂದ 14 ಪ್ರಶ್ನೆ ಅಷ್ಟೆ. ಪೆನ್ನು ಹಿಡಿದು ಓಎಂಆರ್ ಶೀಟಿನಲ್ಲಿ ಗುಂಡು ತುಂಬುವ ಪರೀಕ್ಷೆ.

ನಿಜವಾದ ಕಷ್ಟ ಬೇರೆ ಇದೆ. ಎಲ್ಲ ಪ್ರಶ್ನೆಯೂ ಪ್ಯಾಸೇಜ್ ಮೇಲೆಯೇ. ಒಂದೊಂದು ಪ್ಯಾಸೇಜು 450 ಪದದವರೆಗೆ ಇರುತ್ತದೆ. ಎರಡು ಗಂಟೆ ಬಿಡದೆ ಇಂಗ್ಲಿಷ್ ಓದುವ ತ್ರಾಣ ಬೇಕು. ಜಾಣ ಮಕ್ಕಳೂ ಕೊನೆಯ ಅರ್ಧ ಗಂಟೆಯಲ್ಲಿ ಸುಸ್ತಾಗುವುದನ್ನು ನೋಡಿದ್ದೇನೆ.

ಲೀಗಲ್ ರೀಸನಿಂಗ್ ಅಂದರೆ ಏನು ಅನ್ನುವುದಕ್ಕೆ ನಾನೇ ಕಟ್ಟಿದ ಒಂದು ಉದಾಹರಣೆ. ಪ್ಯಾಸೇಜಿನಲ್ಲಿ ಹೀಗೊಂದು ನಿಯಮ ಇದೆ ಅಂದುಕೊಳ್ಳಿ: ಅಂಗಡಿಯಲ್ಲಿ ಬೆಲೆ ಚೀಟಿ ಹಚ್ಚಿ ಸಾಮಾನು ಇಟ್ಟರೆ ಅದು ಮಾರುವ ಪ್ರಸ್ತಾಪ ಅಲ್ಲ. ಬಂದು ಪ್ರಸ್ತಾಪ ಮಾಡಿ ಅಂತ ಗಿರಾಕಿಯನ್ನು ಕರೆಯುವುದು, ಅಷ್ಟೆ. ಈಗ ಪ್ರಶ್ನೆ. ಚಿಕ್ಕಪೇಟೆಯ ಅಂಗಡಿಯಲ್ಲಿ 5000 ರೂಪಾಯಿಯ ಸೀರೆಗೆ ಕೆಲಸದ ಹುಡುಗ ತಪ್ಪಿ 500 ಅಂತ ಚೀಟಿ ಅಂಟಿಸಿದ್ದಾನೆ. ಒಬ್ಬ ಹೆಂಗಸು ಐನೂರರ ನೋಟು ಚಾಚಿ ಸೀರೆ ಕೊಡಿ ಅನ್ನುತ್ತಾರೆ. ಮಾಲೀಕ ಆಗಲ್ಲ ಅನ್ನುತ್ತಾನೆ. ಒಪ್ಪಂದ ಆಗಿದೆಯಾ?

ಆಗಿಲ್ಲ. ಆ ಹೆಂಗಸು ನೋಟು ಚಾಚಿದ್ದೇ ಪ್ರಸ್ತಾಪ. ಮಾಲೀಕ ಅದನ್ನು ಒಪ್ಪಲಿಲ್ಲ. "ಚೀಟಿ ಹಚ್ಚಿದ ಮೇಲೆ ಕೊಡಲೇಬೇಕು, ಇದು ಅನ್ಯಾಯ ಅಲ್ವಾ" ಅಂತ ಮನಸ್ಸು ಮಿಡಿದರೆ ಅಂಕ ಹೋಯಿತು. ಗ್ರಾಹಕರ ಕಾಯ್ದೆ ಅಲ್ಲಿ ಇಲ್ಲಿ ಓದಿ, ಅದನ್ನು ಇಲ್ಲಿ ತಂದು ತುರುಕುವ ಅತಿ ಜಾಣರಿಗೂ ಅಂಕ ಹೋಗುತ್ತದೆ. ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚಬೇಕು. ನಮ್ಮ ಹಳ್ಳಿ ಪಂಚಾಯ್ತಿ ಕಟ್ಟೆಯ ನ್ಯಾಯ ಅಲ್ಲಿ ನಡೆಯಲ್ಲ.

ಹಾಗಾದರೆ ತಯಾರಿ ಎಲ್ಲಿಂದ ಶುರು ಮಾಡಲಿ?

ಒಂದು ಇಂಗ್ಲಿಷ್ ಪತ್ರಿಕೆಯಿಂದ. ದಿನಾ ಒಂದು ಗಂಟೆ. ಮೊದಲ ತಿಂಗಳು ಸಂಪಾದಕೀಯ ಅರ್ಧ ಅರ್ಥವಾಗುವುದಿಲ್ಲ, ಪರವಾಗಿಲ್ಲ. ಪ್ರತಿ ಪ್ಯಾರಾ ಆದ ಮೇಲೆ ನಿಲ್ಲಿಸಿ, ಇವರು ಏನು ಹೇಳಿದರು ಅಂತ ಕನ್ನಡದಲ್ಲಿ ಒಂದು ಸಾಲು ನಿಮಗೆ ನೀವೇ ಹೇಳಿಕೊಳ್ಳಿ. ಹೇಳಲು ಬಂದರೆ ಓದಿದ್ದೀರಿ. ಬರಲಿಲ್ಲ ಅಂದರೆ ಕಣ್ಣಾಡಿಸಿದ್ದೀರಿ, ಅಷ್ಟೆ. ಈ ಅಭ್ಯಾಸಕ್ಕೆ ಆರು ತಿಂಗಳಾದರೂ ಬೇಕು. ಅದಕ್ಕೇ ಫಸ್ಟ್ ಪಿಯುಸಿ ರಜೆಯಲ್ಲಿ ಶುರು ಮಾಡಿ ಅನ್ನುವುದು.

ಆಗಸ್ಟ್ ಹೊತ್ತಿಗೆ ಹಳೆಯ ಪ್ರಶ್ನೆ ಪತ್ರಿಕೆ ಹಿಡಿಯಿರಿ. ಒಂದು ಎಚ್ಚರ. 2020ಕ್ಕೂ ಹಿಂದಿನ ಪತ್ರಿಕೆಗಳ ದಾರಿಯೇ ಬೇರೆ. ಅವು ಬಿಡಿ ಬಿಡಿ ಪ್ರಶ್ನೆಗಳು, ಪ್ಯಾಸೇಜ್ ಶೈಲಿ ಬಂದದ್ದು ಆ ವರ್ಷ. ವಾರಕ್ಕೆ ಒಂದು ಮಾಕ್ ಟೆಸ್ಟ್ ಸಾಕು. ಆದರೆ ಬರೆದಷ್ಟೇ ಹೊತ್ತು ಕೂತು ತಪ್ಪುಗಳನ್ನು ನೋಡಬೇಕು. ಇದನ್ನು ಮಾತ್ರ ಯಾರೂ ಮಾಡಲ್ಲ.

ಕೋಚಿಂಗ್ ಇಲ್ಲದೆ ಆಗುತ್ತದಾ?

ಆಗುತ್ತದೆ. ಪುಸ್ತಕ ಓದುವ ಮಗುವಿಗೆ ಮಾಕ್ ಟೆಸ್ಟ್ ಮಾತ್ರ ಕೊಂಡರೂ ಸಾಕು. ತಾನಾಗಿ ಕೂರದ ಮಗುವಿಗೆ ಕೋಚಿಂಗ್ ಒಂದು ಶಿಸ್ತು ಕೊಡುತ್ತದೆ. ನಮ್ಮ ಸಂಬಂಧಿಕರೊಬ್ಬರು ಪೂರ್ತಿ ಎರಡು ವರ್ಷದ ಫೀಸು ಒಟ್ಟಿಗೆ ಕಟ್ಟಿದರು. ಮೂರನೇ ತಿಂಗಳಿಗೆ ಮಗಳಿಗೆ ಬೇಡ ಅನಿಸಿತು. ಒಂದು ರೂಪಾಯಿ ವಾಪಸ್ ಬರಲಿಲ್ಲ. ಕಂತಿನಲ್ಲಿ ಕಟ್ಟಿ, ರಸೀದಿಯ ಹಿಂದಿನ ಸಣ್ಣ ಅಕ್ಷರ ಓದಿ. ಲಾ ಓದುವ ಮೊದಲ ಪಾಠ ಅಂದುಕೊಳ್ಳಿ.

ದುಡ್ಡಿಗೆ ನಿಜವಾಗಿ ಕಷ್ಟ ಇರುವ ಮನೆಯ ಮಕ್ಕಳು ಐಡಿಯಾ (IDIA) ಅನ್ನುವ ಸಂಸ್ಥೆಯ ಬಗ್ಗೆ ವಿಚಾರಿಸಿ. ಶಮ್ನಾದ್ ಬಷೀರ್ 2010ರಲ್ಲಿ ಶುರು ಮಾಡಿದ್ದು. ಬಡ ಮಕ್ಕಳನ್ನು ಕಾನೂನು ಶಾಲೆಗಳಿಗೆ ತಯಾರು ಮಾಡುವುದೇ ಅವರ ಕೆಲಸ.

ನಾನು ಕನ್ನಡ ಮೀಡಿಯಂ. ನನ್ನ ಕೈಲಿ ಆಗುತ್ತಾ?

ನಾನೂ ಕನ್ನಡ ಮೀಡಿಯಂ, ತುಮಕೂರು ಕಡೆಯವನು. ಸುಮ್ನೆ ಧೈರ್ಯ ಹೇಳುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕ್ಲಾಟ್ ಇರುವುದು ಇಂಗ್ಲಿಷಿನಲ್ಲಿ ಮಾತ್ರ. ಇದು ನ್ಯಾಯ ಅಲ್ಲ ಅಂತ ನನಗೂ ಅನಿಸುತ್ತದೆ, ಆದರೆ ಸದ್ಯಕ್ಕೆ ಹಾಗಿದೆ. ರಾಜ್ಯ ಕಾನೂನು ವಿವಿಯ ಮಾತು ಬೇರೆ. ಅಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಪ್ರಶ್ನೆ ಪತ್ರಿಕೆಯ ತಲೆಯಲ್ಲೇ ಬರೆದಿರುತ್ತದೆ, ಉತ್ತರ ಪೂರ್ತಿ ಕನ್ನಡದಲ್ಲಿ ಅಥವಾ ಪೂರ್ತಿ ಇಂಗ್ಲಿಷಿನಲ್ಲಿ ಇರಬೇಕು ಅಂತ. ಬೆರಕೆ ಮಾಡುವಂತಿಲ್ಲ. ಆದರೆ ಪುಸ್ತಕ, ತೀರ್ಪು ಬಹುಪಾಲು ಇಂಗ್ಲಿಷಿನಲ್ಲಿವೆ. ಬರೆಯುವುದು ಕನ್ನಡದಲ್ಲಿ ಆದರೂ ಇಂಗ್ಲಿಷ್ ಓದಲು ಕಲಿಯಲೇಬೇಕು. ಕಾಲೇಜಿನ ಮೊದಲ ಮೂಟ್ ಕೋರ್ಟಿನಲ್ಲಿ, ಅಂದರೆ ಅಣಕು ನ್ಯಾಯಾಲಯದಲ್ಲಿ, ನಾನು "ಮೈ ಲಾರ್ಡ್" ಅಂದವನು ಮುಂದೆ ಮಾತೇ ಹೊರಡದೆ ಕೂತುಬಿಟ್ಟಿದ್ದೆ. ಎರಡು ವರ್ಷ ಹಿಡಿಯಿತು ಸರಿಯಾಗಲು.

ಈಗ ಇನ್ನೊಂದು ಕಡೆ ನೋಡಿ. ಹೈಕೋರ್ಟಿನ ಭಾಷೆ ಇಂಗ್ಲಿಷ್. ಆದರೆ ಕೆಳಗಿನ ಕೋರ್ಟಿಗೆ ಬರುವ ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ. ಪಾಟೀ ಸವಾಲು ಅವನ ಭಾಷೆಯಲ್ಲಿ ಮಾಡಬೇಕು. ಆನೇಕಲ್, ದೇವನಹಳ್ಳಿ ಕಡೆಯ ಜಮೀನಿನ ದಾವೆ ಅಂದರೆ ಪಹಣಿ, ಪೋಡಿ, ಹಿಸ್ಸಾ, ಖರಾಬು, ಬಗರ್ ಹುಕುಂ, ಹೀಗೆ ಕಂದಾಯ ಇಲಾಖೆಯ ಮಾತುಗಳೇ. ಐವತ್ತು ವರ್ಷ ಹಳೆಯ ಕ್ರಯಪತ್ರದ ಕೈಬರಹ ಓದಲು ಬಂದವನನ್ನು ದೊಡ್ಡ ಆಫೀಸಿನವರೂ ಹುಡುಕಿಕೊಂಡು ಬರುತ್ತಾರೆ. ಒಮ್ಮೆ ಒಬ್ಬ ಸಾಕ್ಷಿ "ಮೊಬ್ಬಿಗೆ ನೋಡ್ದೆ" ಅಂದ. ಎದುರಿನ ವಕೀಲರಿಗೆ ಮೊಬ್ಬು ಅಂದರೆ ಮಬ್ಬುಗತ್ತಲಿನ ಹೊತ್ತು ಅಂತ ತಿಳಿಯಲಿಲ್ಲ. ಇಡೀ ಕೇಸು ನಿಂತಿದ್ದು ಆಗ ಬೆಳಕಿತ್ತಾ, ಕತ್ತಲಿತ್ತಾ ಅನ್ನುವುದರ ಮೇಲೆ!

ಸಿವಿಲ್ ಜಡ್ಜ್ ಹುದ್ದೆಯ ಮುಖ್ಯ ಪರೀಕ್ಷೆಯಲ್ಲೂ ಅನುವಾದದ ಪತ್ರಿಕೆ ಇದೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಇಂಗ್ಲಿಷ್ ಮೀಡಿಯಂನವರು ಅಲ್ಲಿ ಬೆವರುತ್ತಾರೆ.

ನಾಗರಬಾವಿ ಲಾ ಸ್ಕೂಲಿನಲ್ಲಿ ಕರ್ನಾಟಕದವರಿಗೆ ಸೀಟು ಇದೆ ಅಂತಾರೆ. ಹೌದಾ?

ಇದೆ, 25 ಶೇಕಡಾ. ಆದರೆ ಅದು ಹುಟ್ಟಿದ ಊರಿನ ಮೇಲೆ ಅಲ್ಲ. ಕರ್ನಾಟಕದ ಮಾನ್ಯತೆ ಇರುವ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಅಪ್ಪ ಅಮ್ಮ ಮಂಡ್ಯದವರಾದರೂ ಮಗು ಮುಂಬೈನಲ್ಲಿ ಓದಿದ್ದರೆ ಇಲ್ಲ. ಪಾಟ್ನಾದಿಂದ ಬಂದವರ ಮಗು ಇಲ್ಲೇ ಹತ್ತು ವರ್ಷ ಓದಿದ್ದರೆ ಇದೆ. ಕ್ಲಾಟ್ ಅರ್ಜಿ ತುಂಬುವಾಗಲೇ ಇದನ್ನು ಕೇಳಿಕೊಳ್ಳಬೇಕು.

ಯಾವ ಕಾಗದ ಪತ್ರ ರೆಡಿ ಇಟ್ಟುಕೊಳ್ಳಬೇಕು?

ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಆಧಾರ್, ಫೋಟೋ ಇದ್ದೇ ಇರುತ್ತವೆ. ತಡವಾಗುವುದು ಮಿಕ್ಕವು.

ಸ್ಟಡಿ ಸರ್ಟಿಫಿಕೇಟನ್ನು ಓದಿದ ಪ್ರತಿಯೊಂದು ಶಾಲೆಯಿಂದ ತರಬೇಕು. ನಾಲ್ಕು ಶಾಲೆ ಬದಲಾಯಿಸಿದ್ದರೆ ನಾಲ್ಕು ಕಡೆ ಅಲೆದಾಟ. ಬೇಸಿಗೆ ರಜೆಯಲ್ಲಿ ಶಾಲೆಯ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ, ಮೊದಲೇ ಮುಗಿಸಿ. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿ. ಇಲ್ಲಿ ಒಂದು ಗುಂಡಿ ಇದೆ, ಹುಷಾರು. ನಮ್ಮ ರಾಜ್ಯದ 2ಎ, 3ಎ, 3ಬಿ ಪತ್ರ ಬೇರೆ, ಕೇಂದ್ರದ ಮಾದರಿಯ ಒಬಿಸಿ ಪತ್ರ ಬೇರೆ. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಯೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಎಲ್ಲಿ ಯಾವುದು ಕೇಳಿದ್ದಾರೆ ಅಂತ ಎರಡು ಸಲ ಓದಿ.

ಹೆಸರು ನೋಡಿಕೊಳ್ಳಿ. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಬೇರೆ ದಾಖಲೆಯಲ್ಲಿ ಮುಂದೆ ಇತ್ತು. ಅಷ್ಟಕ್ಕೇ ಒಂದು ಕಚೇರಿ ನನ್ನನ್ನು ಮೂರು ವಾರ ಓಡಾಡಿಸಿತು. ಬೇರೆ ವಿವಿಯಿಂದ ಡಿಗ್ರಿ ಮಾಡಿ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟೂ ಬೇಕು.

ಕೆಲಸ ಮಾಡುತ್ತಾ ಲಾ ಓದಬಹುದಾ? ದೂರ ಶಿಕ್ಷಣದಲ್ಲಿ ಇದೆಯಾ?

ದೂರ ಶಿಕ್ಷಣದ ಎಲ್‌ಎಲ್‌ಬಿಗೆ ಸನ್ನದು ಇಲ್ಲ. ಯಾರಾದರೂ ಇದೆ ಅಂದರೆ ನಂಬಬೇಡಿ. ಆದರೆ ಪಿಯುಸಿ ಮುಗಿಸಿ ಆಮೇಲೆ ದೂರ ಶಿಕ್ಷಣದಲ್ಲಿ ಡಿಗ್ರಿ ಮಾಡಿದ್ದರೆ ತೊಂದರೆಯಿಲ್ಲ, ಮೂರು ವರ್ಷದ ಲಾ ಸೇರಬಹುದು. ಪಿಯುಸಿ ಇಲ್ಲದೆ ನೇರ ಮುಕ್ತ ವಿವಿಯಲ್ಲಿ ಡಿಗ್ರಿ ಪಡೆದವರಿಗೆ ಆಗುವುದಿಲ್ಲ.

ಹಾಜರಾತಿ ಪ್ರತಿ ವಿಷಯಕ್ಕೆ 70 ಶೇಕಡಾ ಅಂತ ಬಾರ್ ಕೌನ್ಸಿಲಿನ ನಿಯಮ. ಹಾಗಾಗಿ ಹತ್ತರಿಂದ ಆರರ ಕೆಲಸದವರು ಕಾಲೇಜಿನ ಸಮಯ ಮೊದಲು ಕೇಳಿಕೊಳ್ಳಿ. "ಹಾಜರಾತಿ ನಾವು ನೋಡಿಕೊಳ್ತೀವಿ ಸಾರ್" ಅನ್ನುವ ಕಡೆ ಹೋಗಬೇಡಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ಮುಂದೆ ವಕೀಲಿಕೆ ಮಾಡುವುದಾದರೆ ಪೂರ್ಣಾವಧಿ ಸಂಬಳದ ಕೆಲಸ ಬಿಡಲೇಬೇಕು.

ನನಗೆ 46. ನಗ್ತಾರಾ?

ಮೊದಲ ವಾರ ಹುಡುಗರು ನಿಮ್ಮನ್ನು ಮೇಷ್ಟ್ರು ಅಂದುಕೊಂಡು ಎದ್ದು ನಿಲ್ಲುತ್ತಾರೆ. ಆಮೇಲೆ ನೋಟ್ಸ್ ಕೇಳಿಕೊಂಡು ಬರುತ್ತಾರೆ. ಕ್ಲಾಟ್‌ಗೂ ವಯಸ್ಸಿನ ಮೇಲ್ಮಿತಿ ಇಲ್ಲ.

ಡಿಗ್ರಿ ಆದವರಿಗೂ ನಾಗರಬಾವಿಯಲ್ಲಿ ಅವಕಾಶ ಇದೆಯಾ?

2022ರಿಂದ ಇದೆ. ಮೂರು ವರ್ಷದ ಎಲ್‌ಎಲ್‌ಬಿ, ಅದಕ್ಕೆ ಕ್ಲಾಟ್ ಅಲ್ಲ, ಎನ್‌ಎಲ್‌ಸ್ಯಾಟ್ ಅನ್ನುವ ಅವರದೇ ಪರೀಕ್ಷೆ. ಆಯ್ಕೆ ಪ್ರಶ್ನೆಗಳ ಜೊತೆ ಬರೆದು ಉತ್ತರಿಸುವ ಭಾಗವೂ ಇರುತ್ತದೆ.

ಖರ್ಚು ಎಷ್ಟಾಗುತ್ತದೆ?

ಕ್ಲಾಟ್ ಅರ್ಜಿಗೇ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 4000 ರೂಪಾಯಿ, ಪರಿಶಿಷ್ಟರಿಗೆ 3500. ರಾಷ್ಟ್ರೀಯ ಕಾನೂನು ಶಾಲೆ, ಖಾಸಗಿ ವಿವಿಗಳಲ್ಲಿ ವರ್ಷದ ಶುಲ್ಕ ಲಕ್ಷದ ಲೆಕ್ಕ. ರಾಜ್ಯ ಕಾನೂನು ವಿವಿಯ ಕಾಲೇಜುಗಳಲ್ಲಿ ಬಹಳ ಕಡಿಮೆ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ನೋಡಿ. ಸಾಲ ಮಾಡಿ ಓದಿಸುವ ಮೊದಲು ಯೋಚಿಸಿ. ಕಂಪನಿ ಕೆಲಸ, ದೊಡ್ಡ ಫರ್ಮು ಬೇಕು ಅನ್ನುವವರಿಗೆ ದೊಡ್ಡ ಕಾಲೇಜಿನ ಹೆಸರು ಕೆಲಸಕ್ಕೆ ಬರುತ್ತದೆ. ಊರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ ಅನ್ನುವವರು ಹತ್ತು ಹದಿನೈದು ಲಕ್ಷ ಸಾಲದ ಜೊತೆ ಶುರು ಮಾಡಿದರೆ ಕಂತು ಕಟ್ಟುವುದು ಯಾವಾಗ? ಎಲ್ಲಿ ನಿಂತು ಕೆಲಸ ಮಾಡಬೇಕು ಅನ್ನುವುದನ್ನು ಮೊದಲು ಯೋಚಿಸಿ, ಕಾಲೇಜು ಆಮೇಲೆ ಆರಿಸಿ. ಎಲ್ಲರೂ ತಿರುಗುಮುರುಗು ಮಾಡುತ್ತಾರೆ.

ಕ್ಲಾಸ್ ಶುರುವಾಗುವ ಮೊದಲು ಏನು ಓದಲಿ? ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ತೆಗೆದುಕೊಳ್ಳಲಾ?

ಸಂವಿಧಾನ, ಒಪ್ಪಂದ ಕಾಯ್ದೆಯ ಹಳೆ ಪುಸ್ತಕ ಧಾರಾಳವಾಗಿ ಕೊಳ್ಳಿ. ಕ್ರಿಮಿನಲ್ ಪುಸ್ತಕ ಮಾತ್ರ ಬೇಡ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಕೂಡ ಬದಲಾಗಿವೆ. ಕೊಲೆ ಅಂದರೆ 302 ಅಂತ ನಮ್ಮ ಬಾಯಲ್ಲಿ ಕೂತಿದೆ, ಈಗ ಅದು 103. ಹಳೆ ಪುಸ್ತಕ ಅರ್ಧ ಬೆಲೆಗೆ ಸಿಗುತ್ತಿರುವುದು ಅದಕ್ಕೇ.

ಪುಸ್ತಕಕ್ಕಿಂತ ಮೊದಲು ಒಂದು ದಿನ ಕೋರ್ಟಿಗೆ ಹೋಗಿ. ಸಿಟಿ ಸಿವಿಲ್ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಿ. ಮೊಬೈಲ್ ಸೈಲೆಂಟ್ ಮಾಡಿ. ಸಿನಿಮಾದ ಹಾಗೆ ಯಾರೂ ಕೂಗಾಡಲ್ಲ. ಬೆಳಗ್ಗೆ ಅರ್ಧ ಹೊತ್ತು ವಾಯಿದೆ ಕೊಡುವುದರಲ್ಲೇ ಹೋಗುತ್ತದೆ. ಬೇಜಾರಾಗಿ ಮಧ್ಯಾಹ್ನ ಎದ್ದು ಬಂದರೂ ಒಳ್ಳೆಯದೇ, ಮೊದಲೇ ಗೊತ್ತಾಯಿತಲ್ಲ. ಅಟ್ಟಾರ ಕಚೇರಿಯ ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲೂ ನೇರ ಬಿತ್ತರಿಸುತ್ತಾ ಬಂದಿದ್ದಾರೆ, ಮನೆಯಲ್ಲೇ ಕೂತು ನೋಡಬಹುದು.

ಓದು ಮುಗಿದ ಮೇಲೆ?

ಓದುವಾಗಲೇ ಇಂಟರ್ನ್‌ಶಿಪ್ ಇದೆ. ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ 20 ವಾರ. ಮುಗಿದ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಕಾಯ್ದೆಯಲ್ಲಿ ಇರುವ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಡೆಸುವ ಎಐಬಿಇ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. 100 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿ ಇಲ್ಲದ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ, ಒಯ್ಯಬಹುದು.

ಜಡ್ಜ್ ಆಗಬೇಕು ಅನ್ನುವವರಿಗೆ ಒಂದು ಬದಲಾವಣೆ. ಕಾಲೇಜು ಮುಗಿಸಿ ನೇರ ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರುವ ದಾರಿಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಮೂರು ವರ್ಷ ವಕೀಲಿಕೆ ಮಾಡಿರಬೇಕು.

ಮನೆಯಲ್ಲಿ ಯಾರೂ ವಕೀಲರಿಲ್ಲ. ಮೊದಲ ವರ್ಷ ಹೊಟ್ಟೆಪಾಡು ಹೇಗೆ?

ಕಷ್ಟ ಇದೆ. ಸೀನಿಯರ್ ಆಫೀಸಿನಲ್ಲಿ ಕಡತ ಹೊರುವುದು, ವಾಯಿದೆ ಬರೆದುಕೊಳ್ಳುವುದು, ಪ್ರತಿ ತೆಗೆಸುವುದು, ಮೊದಲ ವರ್ಷ ಇಷ್ಟೇ. ನಗರದಲ್ಲಿ ಕಿರಿಯರಿಗೆ ತಿಂಗಳಿಗೆ ಕನಿಷ್ಠ 20,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸಲಹೆ ಕೊಟ್ಟಿದೆ. ಅದು ಸಲಹೆ ಮಾತ್ರ. ಅರ್ಧ ಕೊಟ್ಟರೂ ಪುಣ್ಯ ಅನ್ನುವ ಆಫೀಸುಗಳೇ ಜಾಸ್ತಿ. ಪರಿಶಿಷ್ಟ, ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆ ಇದೆ, ನಿಮ್ಮ ವರ್ಗದ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ಸೀನಿಯರ್ ಹುಡುಕುವಾಗ ಹೆಸರು ನೋಡಬೇಡಿ, ಅವರ ಜೂನಿಯರ್‌ಗಳನ್ನು ಮಾತಾಡಿಸಿ. ಸಂಜೆ ಆರಕ್ಕೆ ಆಫೀಸಿನ ಹೊರಗೆ ಟೀ ಅಂಗಡಿ ಹತ್ತಿರ ನಿಂತರೆ ಸಿಗುತ್ತಾರೆ. "ಅಣ್ಣಾ, ನಿಮಗೆ ಇಲ್ಲಿ ವಾದ ಮಾಡೋಕೆ ಬಿಟ್ಟಿದ್ದು ಎಷ್ಟನೇ ತಿಂಗಳಲ್ಲಿ?" ಅಂತ ಒಂದೇ ಪ್ರಶ್ನೆ ಕೇಳಿ. ಮೂರು ವರ್ಷ ಆದರೂ ಬಿಟ್ಟಿಲ್ಲ ಅಂದರೆ ಟೀ ಕುಡಿದು ಮುಂದಿನ ಆಫೀಸಿಗೆ ಹೋಗಿ.